ಅಲಂಕೃತ ಪುಟ್ಟ ಮನೆ ಮಾರಾಟಕ್ಕಿದೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ನಮ್ಮ ಸಮಾಜದ ಕುಟುಂಬಗಳಲ್ಲಿ ಒಬ್ಬ ಮಗನೋ ಮಗಳೋ ಬೆಂಗಳೂರು ಸೇರದಿರುವ ಮನೆ ಇಂದು ವಿರಳ. ತೋಟ ನೋಡಿಕೊಂಡು ಹಿರಿಯರು ಊರಿನಲ್ಲಿರುತ್ತಾರೆ. ಮಕ್ಕಳು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಗುತ್ತಿರುತ್ತಾರೆ. ಹೀಗಿರುವಾಗ ಒಂದು ದಿನ ದೂರವಾಣಿಯಲ್ಲಿ ಮಾತು ಬರುತ್ತದೆ: "ಅಪ್ಪಯ್ಯ, ಒಂದು ಮನೆ ನೋಡಿದ್ದೇನೆ. ಚಿಕ್ಕದು. ಆದರೆ ಡಿಸೈನರ್ ಕೈಯಲ್ಲಿ ಪೂರ್ತಿ ಹೊಸದಾಗಿ ಮಾಡಿಸಿದ್ದಾರೆ." ಆ ಮಾತಿನ ಹಿಂದೆ ಅರ್ಧ ಎಕರೆ ಅಡಿಕೆ ತೋಟ ಮಾರುವ ಪ್ರಶ್ನೆ ನಿಂತಿರುತ್ತದೆ.

ಹೊಸನಗರ ತಾಲ್ಲೂಕಿನ ನಗರದ ಬಳಿಯ ಅಂಥದೊಂದು ಕುಟುಂಬ ಮನೆ ನೋಡಲು ಹೊರಟಾಗ ನಮ್ಮನ್ನೂ ಜೊತೆಗೆ ಕರೆಯಿತು. ಮನೆ ಇದ್ದುದು ಮಲ್ಲೇಶ್ವರದಲ್ಲಿ, ಸುಮಾರು ಮೂವತ್ತು ವರ್ಷ ಹಳೆಯ ಕಟ್ಟಡವೊಂದರ ಮೂರನೆಯ ಅಂತಸ್ತಿನಲ್ಲಿ. ಮಲಗುವ ಕೋಣೆ ಒಂದೇ. ಜಾಹೀರಾತಿನ ಪ್ರಕಾರ 640 ಚದರಡಿ. ಬೆಲೆ ಒಂದು ಕೋಟಿ ಹತ್ತು ಲಕ್ಷ ರೂಪಾಯಿ.

ಒಳಹೊಕ್ಕೊಡನೆ ಕಣ್ಣು ತಣಿಯಿತೆಂಬುದನ್ನು ಒಪ್ಪಲೇಬೇಕು. ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆಯನ್ನು ತೆಗೆದು ಎರಡನ್ನೂ ಒಂದಾಗಿಸಿದ್ದರು. ತಲೆಯ ಮೇಲೆ ಜಿಪ್ಸಂ ಹಲಗೆಯ ಕೃತಕ ಚಾವಣಿ, ಅದರ ಅಂಚಿನಲ್ಲಿ ಅಡಗಿದ ದೀಪಗಳು. ಹಗಲು ಗೋಡೆಗೆ ಮಡಚಿಕೊಂಡು ರಾತ್ರಿ ಇಳಿಯುವ ಮಂಚ. ಇಕ್ಕಟ್ಟು ಕಾಣದಂತೆ ಒಂದು ಗೋಡೆಯ ತುಂಬ ಕನ್ನಡಿ. ಹಜಾರದ ಮೂಲೆಯಲ್ಲಿ ಯಾವ ಭಾರವನ್ನೂ ಹೊರದೆ ನಿಂತಿತ್ತು ಕೆತ್ತನೆಯ ಒಂದು ಮರದ ಕಂಬ.

ಹಿರಿಯರು ನೇರವಾಗಿ ಆ ಕಂಬದ ಬಳಿಗೇ ಹೋದರು. ಬೋದಿಗೆಯ ಮೇಲೆ ಕೈಯಾಡಿಸಿ, "ಹಲಸು. ಇದು ನಮ್ಮ ಕಡೆಯದೇ" ಎಂದರು. ಕಂಬದ ನಡುವಿನಲ್ಲಿ ಹಿಂದೆ ಅಡ್ಡಪಟ್ಟಿ ಕೂರುತ್ತಿದ್ದ ಗೂಡನ್ನು ಮೇಣದಿಂದ ಮುಚ್ಚಲಾಗಿತ್ತು. ಒಂಬತ್ತೂವರೆ ಅಡಿಯ ಚಾವಣಿಗೆ ಹೊಂದಲೆಂದು ಬುಡವನ್ನು ಗರಗಸದಿಂದ ಕತ್ತರಿಸಿದ್ದರು. "ಆಂಟಿಕ್ ಪೀಸ್, ಯಜಮಾನರೇ. ಮನೆಯ ಜೊತೆಗೇ ಬರುತ್ತದೆ" ಎಂದ ಮಧ್ಯವರ್ತಿ. ಹಿರಿಯರು ಉತ್ತರಿಸಲಿಲ್ಲ.

ಮಲೆನಾಡಿನಲ್ಲಿ ಮನೆ ಬಿಚ್ಚುವುದು ಹೊಸತೇನಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳನ್ನು ಮುಳುಗಿಸಿದಾಗ, ಎಷ್ಟೋ ಮಂದಿ ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿಕೊಂಡು ಹೋಗಿ ಬೇರೆಡೆ ಮತ್ತೆ ಮನೆ ನಿಲ್ಲಿಸಿದರು. ಆಗ ಕಂಬ ಮನೆಯಿಂದ ಮನೆಗೆ ಹೋಯಿತು. ಈಗಿನ ಬಗೆ ಬೇರೆ. ತೊಟ್ಟಿಮನೆಯ ಮಾಡು ಸೋರತೊಡಗುತ್ತದೆ, ಹಂಚು ಹೊದಿಸುವ ಆಳು ಸಿಗುವುದಿಲ್ಲ, ಪಾಲಾದ ಅಣ್ಣತಮ್ಮಂದಿರಿಗೆ ದುರಸ್ತಿ ಬೇಡ. ಅಷ್ಟರಲ್ಲಿ ಹಳೆಯ ಮರದ ವ್ಯಾಪಾರಿ ಬಂದು ಕಂಬವನ್ನೂ ಹೆಬ್ಬಾಗಿಲನ್ನೂ ಬಚ್ಚಲಿನ ತಾಮ್ರದ ಹಂಡೆಯನ್ನೂ ಒಟ್ಟಿಗೆ ಬೆಲೆ ಕಟ್ಟಿ ಒಯ್ಯುತ್ತಾನೆ. ಮಾರಿದವರನ್ನು ನಾವು ದೂರಲಾರೆವು. ಸೋರುವ ಮನೆಯಲ್ಲಿ ಮಳೆಗಾಲ ಕಳೆದವರಿಗೇ ಆ ಕಷ್ಟ ಗೊತ್ತು. ಆದರೆ ಊರಿನಲ್ಲಿ ಸೌದೆಗಿಂತ ತುಸು ಹೆಚ್ಚಿನ ಬೆಲೆಗೆ ಹೋದ ಮರವನ್ನು ಅದೇ ಊರಿನ ಮಗ ನಗರದಲ್ಲಿ ಅಲಂಕಾರದ ಬೆಲೆಗೆ ಕೊಳ್ಳುವ ಸಂದರ್ಭ ಬಂದಾಗ ಮನಸ್ಸಿಗೆ ಕಸಿವಿಸಿಯಾಗದೆ ಇರದು.

ಹಳೆಯದನ್ನು ನವೀಕರಿಸಬಾರದೆಂದು ನಾವು ಹೇಳುತ್ತಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ಜೀರ್ಣೋದ್ಧಾರ ಮಾಡಿ ಜನರ ದರ್ಶನಕ್ಕೆ ತೆರೆದಿಟ್ಟಿರುವುದನ್ನು ಓದುಗರು ಕಂಡಿರಬಹುದು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹೆರಿಟೇಜ್ ವಿಲೇಜಿನಲ್ಲಿ ಬಾರ್ಕೂರಿನ ಜಂಗಮ ಮಠವನ್ನೇ ತಂದು ಮತ್ತೆ ನಿಲ್ಲಿಸಲಾಗಿದೆ. ಅಲ್ಲಿ ಕಂಬಕ್ಕೆ ಕಂಬದ ಕೆಲಸವೇ ಉಳಿದಿದೆ.

ಚಿಕ್ಕ ಮನೆಯೆಂಬುದೂ ನಮ್ಮ ದೃಷ್ಟಿಯಲ್ಲಿ ದೋಷವಲ್ಲ. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಪೂಜಿಸುವವನಿಗೆ ಒಂದು ಚಾಪೆಯ ಜಾಗ ಸಾಕು. ಅಮೃತಶಿಲೆಯ ಪೂಜಾಕೋಣೆಯಿಲ್ಲವೆಂದು ನಮ್ಮ ಪೂಜೆ ನಿಲ್ಲುವುದಿಲ್ಲ. ಆದರೆ ತಾಯಿ ಕೇಳಿದ ಪ್ರಶ್ನೆ ನಮ್ಮನ್ನೂ ಯೋಚನೆಗೆ ಹಚ್ಚಿತು. "ಬೆಳಿಗ್ಗೆ ಲಿಂಗಪೂಜೆಗೆ ಕೂರುವುದು ಎಲ್ಲಿ? ಮಂಚ ಮಡಚುವವರೆಗೆ ಕಾಯಬೇಕೆ? ಜಂಗಮರು ಬಂದರೆ, ನಾಲ್ಕು ಜನ ಪ್ರಸಾದಕ್ಕೆ ಕೂತರೆ, ಸಾಲು ಎಲ್ಲಿಂದ ಎಲ್ಲಿಗೆ?" ಮಗ ಟೇಪು ಹಿಡಿದು ಅಳೆದ. ಇಬ್ಬರು ವಯಸ್ಕರು ಎದುರುಬದುರು ಕುಳಿತರೆ ನಡುವೆ ಬಡಿಸುವವರು ಓಡಾಡಲು ಎಡೆ ಉಳಿಯುತ್ತಿರಲಿಲ್ಲ. ನಮ್ಮ ಹಿರಿಯರು ಮನೆಯನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು. ಇಷ್ಟು ಅಂಕಣವೆಂದರೆ ಎಷ್ಟು ಜನ ಮಲಗಬಹುದು, ಎಷ್ಟು ಎಲೆ ಹಾಕಬಹುದು ಎಂಬುದು ಅದರಲ್ಲೇ ತಿಳಿಯುತ್ತಿತ್ತು. ಚದರಡಿಯ ಲೆಕ್ಕ ಅಷ್ಟು ಸರಳವಲ್ಲ.

ಅಳೆದು ಮುಗಿದಾಗ ಒಳಗಿನ ನಿಜವಾದ ವಿಸ್ತೀರ್ಣ 460 ಚದರಡಿಯಷ್ಟೆಂದು ಕಂಡಿತು. ಉಳಿದದ್ದು ಮೆಟ್ಟಿಲು, ಮೊಗಸಾಲೆ, ಹೊರಗೋಡೆಗಳ ಪಾಲು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ ನೋಂದಾಯಿತ ಹೊಸ ಕಟ್ಟಡಗಳಲ್ಲಿ ಒಳಗಿನ ವಿಸ್ತೀರ್ಣವನ್ನೇ ಹೇಳಿ ಮಾರಬೇಕು. ಆ ಕಾಯ್ದೆಗೆ ಎಷ್ಟೋ ಮುಂಚೆ ಮುಗಿದ ಇಂಥ ಮನೆಗಳ ಮರುಮಾರಾಟಕ್ಕೆ ಅದರ ರಕ್ಷಣೆಯಿಲ್ಲ. ಆದುದರಿಂದ ಕೊಳ್ಳುವವರೇ ಟೇಪು ಒಯ್ಯುವುದು ಕ್ಷೇಮ.

ಬಣ್ಣದ ಹಿಂದೇನಿದೆ ಎಂಬುದನ್ನು ನೋಡಲು ಪರಿಚಿತ ಮೇಸ್ತ್ರಿಯೊಬ್ಬರನ್ನು ಎರಡನೆಯ ಸಲ ಕರೆದೊಯ್ದೆವು. ಅವರು ಬೆರಳ ಗೆಣ್ಣಿನಿಂದ ನೆಲದ ಹಾಸುಗಳನ್ನು ತಟ್ಟುತ್ತ ಹೋದರು. ಟೊಳ್ಳು ಸದ್ದು ಬಂದಲ್ಲಿ ಅಡಿಯ ಗಾರೆ ಕೂತಿಲ್ಲವೆಂದರು. ದೀಪವೊಂದನ್ನು ಬಿಚ್ಚಿಸಿ ಕೃತಕ ಚಾವಣಿಯ ಒಳಗೆ ಟಾರ್ಚು ಹಾಯಿಸಿದಾಗ, ಮೇಲಿನ ಮನೆಯ ಬಚ್ಚಲಿನಿಂದ ಇಳಿದ ತೇವದ ಕಲೆ ಕಾಣಿಸಿತು. ನಲ್ಲಿಗಳು ಹೊಳೆಯುತ್ತಿದ್ದರೂ ಗೋಡೆಯೊಳಗಿನ ಕೊಳವೆಗಳು ಹಳೆಯ ಕಬ್ಬಿಣದವೇ ಆಗಿದ್ದವು. ತೆಗೆದ ಗೋಡೆಯ ಬಗ್ಗೆಯೂ ಅವರು ಕೇಳಿದರು. ಕಾಂಕ್ರೀಟ್ ಕಂಬಗಳ ಕಟ್ಟಡವಾದರೆ ನಡುಗೋಡೆ ತೆಗೆಯುವುದರಿಂದ ಸಾಮಾನ್ಯವಾಗಿ ಅಪಾಯವಿಲ್ಲ; ಗೋಡೆಗಳೇ ಭಾರ ಹೊರುವ ಹಳೆಯ ಕಟ್ಟಡವಾದರೆ ಅದು ಮೇಲಿನ ಮನೆಗಳಿಗೂ ಕುತ್ತು. ಎಂಜಿನಿಯರರ ಒಪ್ಪಿಗೆ ಪಡೆದ ಕಾಗದವಿದೆಯೇ ಎಂದರೆ ಮಧ್ಯವರ್ತಿಯ ಬಳಿ ಉತ್ತರವಿರಲಿಲ್ಲ. ನೀರಿನ ವಿಚಾರವನ್ನು ಕೆಳಮನೆಯ ಅಜ್ಜಿಯೊಬ್ಬರಿಂದ ತಿಳಿದೆವು: ಕಾವೇರಿ ಸಂಪರ್ಕ ಇದೆ, ಆದರೆ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದ 2024ರ ಬೇಸಿಗೆಯಲ್ಲಿ ಇವರೂ ಟ್ಯಾಂಕರ್ ತರಿಸಿದ್ದರಂತೆ. ಇಂಥ ಮಾಹಿತಿ ಜಾಹೀರಾತಿನಲ್ಲಿ ಬರುವುದಿಲ್ಲ. ನೆರೆಯವರ ಬಾಗಿಲು ತಟ್ಟಬೇಕು.

ಇನ್ನು ಕಾಗದಪತ್ರಗಳು. ಬೆಂಗಳೂರಿನಲ್ಲಿ 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಬೇಕು. ಋಣಭಾರ ಪತ್ರವನ್ನು ಸಾಕಷ್ಟು ಹಿಂದಿನ ವರ್ಷಗಳಿಂದ ತೆಗೆಸಬೇಕು. ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ, ಅಂದರೆ ಜನ ಓ.ಸಿ. ಎನ್ನುವ ಕಾಗದ, ಸಿಕ್ಕಿದೆಯೇ ನೋಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕ್ರಯಪತ್ರದಲ್ಲಿ ನಿವೇಶನದ ಅವಿಭಾಜ್ಯ ಪಾಲು ಎಷ್ಟು ಚದರಡಿ ಎಂದು ಬರೆದಿದೆಯೆಂಬುದನ್ನು ಗಮನಿಸಬೇಕು. ಕಟ್ಟಡ ಹಳತಾಗುತ್ತ ಬೆಲೆ ಕಳೆದುಕೊಳ್ಳುತ್ತದೆ, ಅಲಂಕಾರ ಅದಕ್ಕೂ ಮೊದಲೇ ಮಾಸುತ್ತದೆ. ಮಲ್ಲೇಶ್ವರದಂಥ ಬಡಾವಣೆಯಲ್ಲಿ ಬೆಲೆ ಬಾಳುವುದು ಆ ನೆಲದ ಪಾಲೇ. ತೋಟದ ನೆಲ ಕೊಟ್ಟು ಕೊಳ್ಳುವವರು ಪ್ರತಿಯಾಗಿ ಎಷ್ಟು ನೆಲ ಬರುತ್ತದೆಂದು ಕೇಳುವುದು ನ್ಯಾಯವಷ್ಟೆ.

ಖರ್ಚೂ ಬೆಲೆಗೇ ನಿಲ್ಲುವುದಿಲ್ಲ. 45 ಲಕ್ಷ ಮೀರಿದ ಮನೆಗೆ ಶೇಕಡಾ 5 ಮುದ್ರಾಂಕ ಶುಲ್ಕ, ಅದರ ಮೇಲೆ ಉಪಕರ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿಸಲಾಗಿದೆ. ಈ ಮನೆಗೆ ಅದೇ ಎಂಟು ಲಕ್ಷ ರೂಪಾಯಿ ದಾಟುತ್ತಿತ್ತು.

ಅದೇ ಕಟ್ಟಡದ ಮೊದಲ ಅಂತಸ್ತಿನಲ್ಲಿ ನವೀಕರಿಸದ ಮನೆಯೊಂದು ಮಾರಾಟಕ್ಕಿರುವುದನ್ನೂ ಕೆಳಮನೆಯ ಅಜ್ಜಿಯೇ ತಿಳಿಸಿದರು. ಅಳತೆ ಅಷ್ಟೇ, ನೆಲದ ಪಾಲೂ ಅಷ್ಟೇ; ಬೆಲೆ ಹದಿನೆಂಟು ಲಕ್ಷ ಕಡಿಮೆ. ಗೋಡೆಗಳ ಬಣ್ಣ ಹೊಗೆ ಹಿಡಿದಿತ್ತು, ಅಡುಗೆಮನೆಯ ಕಟ್ಟೆ ಹಳೆಯ ಕಡಪ ಕಲ್ಲಿನದು. ಕೊಳವೆ, ತಂತಿ ಬದಲಿಸಿ ಬಣ್ಣ ಹೊಡೆಸಲು ಮೇಸ್ತ್ರಿ ಹೇಳಿದ ಅಂದಾಜು ಆರು ಲಕ್ಷ. ಮಗನಿಗೆ ಮೂರನೆಯ ಅಂತಸ್ತಿನ ದೀಪಗಳ ಮೇಲೆ ಆಸೆ ಇನ್ನೂ ಪೂರ್ತಿ ಹೋಗಿಲ್ಲ. ಆದರೂ ಕಾಗದಗಳನ್ನು ವಕೀಲರಿಗೆ ಕೊಟ್ಟಿರುವುದು ಕೆಳಗಿನ ಮನೆಯದೇ. ತೋಟವನ್ನು ಮಾರುವ ಬದಲು ಮಗ ಬ್ಯಾಂಕಿನ ಸಾಲ ಪಡೆಯುವುದು, ಹಿರಿಯರು ಎರಡು ಫಸಲಿನ ಹಣ ಕೊಡುವುದು ಎಂದು ಮಾತಾಗಿದೆ. ಹಜಾರದ ಮೂಡಣ ಗೋಡೆಯಲ್ಲಿ ಒಂದು ದೇವರ ಗೂಡು ಮಾಡಿಸಬೇಕು, ಅದರ ಮುಂದೆ ಚಾಪೆಯ ಜಾಗ ಖಾಲಿ ಬಿಡಬೇಕು ಎಂಬುದು ತಾಯಿಯ ಷರತ್ತು. ಗೂಡಿನ ಚೌಕಟ್ಟಿನ ಕೆತ್ತನೆಗೆ ಸಾಗರದ ಗುಡಿಗಾರರೊಬ್ಬರನ್ನು ಹಿರಿಯರು ಆಗಲೇ ವಿಚಾರಿಸಿ ಬಂದಿದ್ದಾರೆ.