ಹರಾಜಿಗೆ ಬಂದ ಲಂಬಾಣಿ ಕಸೂತಿ

ಕರಾವಳಿಯ ಉಪ್ಪನ್ನು ಎತ್ತುಗಳ ಮೇಲೆ ಹೇರಿ ಘಟ್ಟ ಹತ್ತಿಸುತ್ತಿದ್ದ ಲಂಬಾಣಿಗಳ ಹಳೆಯ ಕಸೂತಿ ಚೀಲಗಳು ಇಂದು ವಿದೇಶಿ ಹರಾಜುಗಳಲ್ಲಿ ಅಲೆಮಾರಿಗಳ ಜಮಖಾನೆಗಳ ಸಾಲಿನಲ್ಲೇ ಬಿಕರಿಯಾಗುತ್ತಿವೆ. ಮಂಗಳೂರಿನಲ್ಲಿ ಕೂತು ಆನ್‌ಲೈನ್‌ನಲ್ಲಿ ಬೆಲೆ ಕೂಗುವವರು ಮೊದಲು ಸವೆತವನ್ನು ನೋಡಬೇಕು. ನಿಜವಾಗಿ ಬಳಸಿದ ಚೀಲದಲ್ಲಿ ಅಂಚು, ಮೂಲೆಗಳು ಮೊದಲು ಸವೆಯುತ್ತವೆ. ಅದಕ್ಕೆ ಹೊಲಿದ ಕವಡೆಗಳ ಹೊರಮೈ ಸವೆದು ನುಣುಪಾಗಿರುತ್ತದೆ. ಹೊರಗೆ ಮಾಸಿದ ಬಣ್ಣ ಒಳಬದಿಯಲ್ಲಿ ಗಾಢವಾಗಿಯೇ ಉಳಿದಿರುತ್ತದೆ. ಎಲ್ಲ ಕಡೆ ಒಂದೇ ಸಮ ಮಾಸಿದ್ದರೆ ಹಳತೆಂದು ತೋರಿಸಲು ಅದ್ದಿದ ಚಹಾ ನೀರಿನ ಕರಾಮತ್ತೂ ಇರಬಹುದು!

ಹರಾಜಿಲ್ಲದಿದ್ದರೆ ಇವೆಲ್ಲ ಹುಳ ತಿಂದು ಹಾಳಾಗುತ್ತಿದ್ದವು ಎಂಬ ವಾದದಲ್ಲಿ ಹುರುಳಿದೆ. ಆದರೆ ಹಳೆಯ ಬಟ್ಟೆಯನ್ನು ಕತ್ತರಿಸಿ ದಿಂಬಿನ ಕವರು ಹೊಲಿಸುವುದೂ ಇದೇ ಪೇಟೆ. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವುದಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ ಅವಕಾಶವಿಲ್ಲ. ಹಾಗಾಗಿ ಮೂಲ ತಿಳಿಸುವ ಕಾಗದಪತ್ರವಿಲ್ಲದ್ದನ್ನು ಕೊಳ್ಳಬೇಡಿ. ಹೊಸದೇ ಸಾಕೆನ್ನುವವರಿಗೆ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಸಂಡೂರಿನ ಲಂಬಾಣಿ ಕಸೂತಿ ಇದೆ.