ಒಂದೂವರೆ ಚದರ ಸೆಂಟಿಮೀಟರಿನ ತೀರ್ಪು

ನಮ್ಮ ಕಿವಿಯ ಮಿತಿ ಸೆಕೆಂಡಿಗೆ 20,000 ಕಂಪನ. ಹೃದಯ ನೋಡುವ ಎಕೋ ಪರೀಕ್ಷೆಯಲ್ಲಿ ಎದೆಯೊಳಕ್ಕೆ ಹೋಗುವ ಸದ್ದಿನದು ಸುಮಾರು 25 ಲಕ್ಷ. ಮೈಯೊಳಗೆ ಅದು ಸೆಕೆಂಡಿಗೆ 1,540 ಮೀಟರ್ ಓಡುತ್ತದೆ. 15 ಸೆಂಟಿಮೀಟರ್ ಆಳಕ್ಕಿಳಿದು, ಬಡಿದು, ಮರಳಲು ಸೆಕೆಂಡಿನ ಐದು ಸಾವಿರದಲ್ಲೊಂದು ಪಾಲು ಸಾಕು. ಮರಳಿದ ಒಂದೊಂದು ಸದ್ದೂ ಪರದೆಯ ಮೇಲೆ ಒಂದು ಗೆರೆ. ನೂರು ಗೆರೆ ಕೂಡಿದರೆ ಒಂದು ಚಿತ್ರ. ಸೆಕೆಂಡಿಗೆ ಅಂಥವು 50! ಹೃದಯದ ಒಂದೇ ಬಡಿತವನ್ನು ವೈದ್ಯರು ನಲವತ್ತು ಚಿತ್ರಗಳಾಗಿ ಬಿಡಿಸಿ ನೋಡಬಲ್ಲರು.

ಇಷ್ಟು ಸೂಕ್ಷ್ಮ ಯಾಕೆ ಬೇಕೆಂದು ಮೈಟ್ರಲ್ ಕವಾಟವೇ ಹೇಳುತ್ತದೆ. ಹೃದಯದ ಎಡ ಮೇಲ್ಕೋಣೆಯಿಂದ ಕೆಳಕೋಣೆಗೆ ರಕ್ತ ಇಳಿಯುವ ಬಾಗಿಲು ಅದು. ಆರೋಗ್ಯವಾಗಿದ್ದರೆ 4ರಿಂದ 6 ಚದರ ಸೆಂಟಿಮೀಟರ್ ತೆರೆಯುತ್ತದೆ. ನಿಮಿಷಕ್ಕೆ 5 ಲೀಟರಿನಂತೆ ದಿನಕ್ಕೆ 7,200 ಲೀಟರ್ ರಕ್ತ ಅಲ್ಲಿಂದಲೇ ಹಾಯಬೇಕು. ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ, ಕವಾಟದ ಎಸಳುಗಳ ಅಂಚನ್ನು ವರ್ಷಗಟ್ಟಲೆ ಬೆಸೆಯುತ್ತ ಹೋಗುತ್ತದೆ. ಆಗ ಆ ಕಂಡಿ ಪರದೆಯಲ್ಲಿ ಮೀನಿನ ಬಾಯಿಯಂತೆ ಕಾಣುತ್ತದೆ. ಅದರ ಅಂಚಿಗೆ ಗೆರೆ ಎಳೆದರೆ ಯಂತ್ರ ಅಳತೆ ಕೊಡುತ್ತದೆ. 1.5 ಚದರ ಸೆಂಟಿಮೀಟರಿಗೆ ಇಳಿದಿದ್ದರೆ ಕಾಯಿಲೆ ತೀವ್ರ.

ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಹುಡುಕುತ್ತಿದ್ದುದೂ ಇದನ್ನೇ: ಶಸ್ತ್ರಚಿಕಿತ್ಸೆಗೆ ಮೊದಲೇ ಈ ಕವಾಟದ ಸ್ಥಿತಿ ತಿಳಿಯುವ ದಾರಿ. ಇಂಥದೇ ಸದ್ದು ಕಳಿಸಿ ಲೋಹದ ಬಿರುಕು ಪತ್ತೆಹಚ್ಚುವ ಯಂತ್ರದಿಂದ ಅವರೂ ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್ ಅವರೂ 1953ರ ಅಕ್ಟೋಬರ್ 29ರಂದು ಹೃದಯದ ಚಲನೆಯನ್ನು ದಾಖಲಿಸಿದರು.

ಇಂದು ಅಳತೆಯ ಜೊತೆಗೆ ಅಂಕವೂ ಇದೆ. ಎಸಳು ಎಷ್ಟು ಆಡುತ್ತಿದೆ, ಎಷ್ಟು ದಪ್ಪಗಾಗಿದೆ, ಎಷ್ಟು ಸುಣ್ಣಗಟ್ಟಿದೆ, ಕೆಳಗಿನ ತಂತುಗಳು ಎಷ್ಟು ಕೆಟ್ಟಿವೆ? ಒಂದೊಂದಕ್ಕೂ 1ರಿಂದ 4. ಇಲ್ಲಿ ಕಡಿಮೆ ಬಂದವರೇ ಪುಣ್ಯವಂತರು. ಒಟ್ಟು 8 ದಾಟದೆ, ಕವಾಟ ಹೆಚ್ಚು ಸೋರದೆ, ಮೇಲ್ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟದೆ ಇದ್ದರೆ, ಸಾಮಾನ್ಯವಾಗಿ ತೊಡೆಸಂದಿನ ರಕ್ತನಾಳದಿಂದ ಬಲೂನ್ ಒಯ್ದು ಕಂಡಿ ಹಿಗ್ಗಿಸಬಹುದು. ಜಪಾನಿನ ಕಂಜಿ ಇನೊಯೆ 1984ರಲ್ಲಿ ಪ್ರಕಟಿಸಿದ ಈ ಚಿಕಿತ್ಸೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಸಾವಿರಾರು ಮಂದಿಗೆ ಆಗಿದೆ. ಅಂಕ ಹೆಚ್ಚಿದ್ದರೆ ಎದೆ ತೆರೆದು ಕವಾಟ ಬದಲಿಸುವ ಮಾತು ಬರುತ್ತದೆ.

ಬಸಿರಿನಲ್ಲಿ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಏರುತ್ತದೆ. ಅಷ್ಟೂ ಕಿರಿದಾದ ಕಂಡಿಯಲ್ಲೇ ಹಾಯಬೇಕಾದ್ದರಿಂದ, ಅಲ್ಲಿಯವರೆಗೆ ಸುಮ್ಮನಿದ್ದ ಕವಾಟದ ರೋಗ ಎಷ್ಟೋ ಹೆಣ್ಣುಮಕ್ಕಳಲ್ಲಿ ಹೊರಬೀಳುವುದು ಆಗಲೇ. ಬಸಿರಿನಲ್ಲೂ ಎಕೋ ಮಾಡಿಸಬಹುದು: ಅದರಲ್ಲಿ ವಿಕಿರಣವಿಲ್ಲ, ಸೂಜಿ ಚುಚ್ಚುವುದೂ ಇಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ ಎಂದು ಬಸುರಿ ಹೇಳಿದರೆ, ‘ಈ ಹೊತ್ತಿನಲ್ಲಿ ಅದೆಲ್ಲ ಇದ್ದದ್ದೇ’ ಎಂದು ತಳ್ಳಿಹಾಕಬೇಡಿ, ವೈದ್ಯರಿಗೆ ತೋರಿಸಿ.