ಉದ್ಯಾನದ ಗೆಳೆಯರ ಬಳಗಕ್ಕೊಂದು ಲಾಂಛನ: ಶಾಸನಗಳಿಂದ ಕಲಿಯೋದೇನು?

ಪಾರಂಪರಿಕ ತಾಣಗಳನ್ನ ನೋಡಿಕೊಳ್ಳೋ ಗೆಳೆಯರ ಬಳಗ ಅಂದಮೇಲೆ ಬ್ಯಾನರ್, ಟೀ ಶರ್ಟ್, ವಾಟ್ಸಾಪ್ ಡಿಪಿ ಎಲ್ಲಾ ಬೇಕು. ಆಗ ಏಳೋ ಮೊದಲ ಪ್ರಶ್ನೆ: ಲೋಗೋ ಏನಿಡೋಣ? ಥಟ್ಟನೆ ನೆನಪಾಗೋದು ಗಂಡಭೇರುಂಡ, ಇಲ್ಲವೇ ಹೊಯ್ಸಳರ ಸಳ. ಎರಡೂ ಯಾಕೆ ಬೇಡ, ಬದಲಿಗೆ ಏನು ಮಾಡಬಹುದು ಅಂತ ಬೆಂಗಳೂರಿನ ಲಾಲ್‌ಬಾಗನ್ನೇ ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ತಾಮ್ರಶಾಸನಗಳ ಹಲಗೆಗಳನ್ನ ಪೋಣಿಸಿದ ಬಳೆಯ ಮೇಲೆ ಮುದ್ರೆ ಇರುತ್ತೆ. ಗಂಗರದು ಆನೆ, ಕದಂಬರದು ಸಿಂಹ, ಬಾದಾಮಿ ಚಾಲುಕ್ಯರದು ವರಾಹ. 'ಈ ಆಜ್ಞೆ ನನ್ನದು' ಅಂತ ಸಾರೋದೇ ಅದರ ಕೆಲಸ. ಅಂದರೆ ಅದು ಅಧಿಕಾರದ ಗುರುತು. ಗಂಡಭೇರುಂಡ ಇವತ್ತಿಗೂ ರಾಜ್ಯ ಸರ್ಕಾರದ ಲಾಂಛನ. ಅದನ್ನ ಎದೆ ಮೇಲೆ ಹಾಕಿಕೊಂಡ ಸ್ವಯಂಸೇವಕರನ್ನ ಜನ ಇಲಾಖೆಯವರು ಅಂದುಕೊಂಡರೆ ಆಶ್ಚರ್ಯವಿಲ್ಲ. ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯದು. ಬಳಗ ಅದರ ಒಡೆಯನಲ್ಲ, ಕಾವಲಿಗೆ ಜೊತೆಯಾದವರು ಅಷ್ಟೆ.

ಈ ಕಾಯುವ ಕೆಲಸಕ್ಕೂ ಶಾಸನಗಳಲ್ಲಿ ಜಾಗ ಇದೆ. ದಾನಶಾಸನಗಳ ಕೊನೆಯ ಶ್ಲೋಕಗಳನ್ನ ಓದಿದವರಿಗೆ ಗೊತ್ತು: ದಾನ ಕೊಡೋದಕ್ಕಿಂತ ಬೇರೆಯವರು ಕೊಟ್ಟಿದ್ದನ್ನ ಕಾಪಾಡೋದೇ ದೊಡ್ಡದು ಅನ್ನೋ ಮಾತು ಮತ್ತೆ ಮತ್ತೆ ಬರುತ್ತೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ. ಅವರಿರುವವರೆಗೂ ಈ ದಾನ ನಡೀಲಿ ಅಂತ ಅರ್ಥ. ಯಾವ ರಾಜವಂಶಕ್ಕೂ ಸೇರದ ಈ ಜೋಡಿ ಗೆಳೆಯರ ಬಳಗಕ್ಕೆ ಚೆನ್ನಾಗಿ ಒಪ್ಪುತ್ತೆ.

ಇನ್ನು ಸ್ಥಳದ ಗುರುತು. ಗಾಜಿನಮನೆ ಎಲ್ಲರಿಗೂ ಪರಿಚಿತ, ಆದರೆ ಅದರ ಅಡಿಗಲ್ಲು ಬಿದ್ದಿದ್ದು 1889ರಲ್ಲಿ. ತೋಟ ಹೈದರ್ ಅಲಿ ಕಾಲದ್ದು, 1760ರ ಸುಮಾರಿನದು. ಕೆಂಪೇಗೌಡರ ಹೆಸರಿನ ಗೋಪುರ ಅದಕ್ಕೂ ಹಿಂದಿನದು. ಗೋಪುರ ನಿಂತಿರೋ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಗಾಜಿನಮನೆಯೊಂದನ್ನೇ ಇಟ್ಟರೆ ಅದಕ್ಕೂ ಹಿಂದಿನದೆಲ್ಲಾ ಮರೆಯಾಗುತ್ತೆ. ಹಾಗಾಗಿ ನನ್ನ ಆಯ್ಕೆ: ಬಂಡೆಯ ಒಂದು ಬಾಗು ಗೆರೆ, ಅದರ ಮೇಲೆ ಪುಟ್ಟ ಗೋಪುರ, ಮೇಲ್ಗಡೆ ಎರಡು ಬದಿಯಲ್ಲಿ ಸೂರ್ಯ, ಚಂದ್ರ.

ಅಕ್ಷರಗಳ ವಿಷಯದಲ್ಲಿ ಎಚ್ಚರ ಬೇಕು. 'ಹಳೇ ಲುಕ್' ಬರಲಿ ಅಂತ 5ನೇ ಶತಮಾನದ ಹಲ್ಮಿಡಿ ಶಾಸನದ ಲಿಪಿಯಲ್ಲಿ ಲಾಲ್‌ಬಾಗ್ ಅಂತ ಬರೆದರೆ ಹೆಚ್ಚಿನವರಿಗೆ ಓದೋಕಾಗಲ್ಲ. ಓದಬಲ್ಲವರಿಗೆ ಕಾಲದ ಲೆಕ್ಕ ತಪ್ಪುತ್ತೆ. ಕಲ್ಲಿನ ಅಕ್ಷರ ನೋಡಿಯೇ ಅದರ ಕಾಲ ಅಂದಾಜು ಮಾಡೋ ನಾವೇ ಅಂಥ ಗೊಂದಲ ಹುಟ್ಟುಹಾಕಬಾರದು. ಹೆಸರು ಇವತ್ತಿನ ಸ್ಪಷ್ಟ ಕನ್ನಡ ಅಕ್ಷರದಲ್ಲೇ ಇರಲಿ.

ಕೊನೆಗೆ ಎಂಜಿನಿಯರ್ ಬುದ್ಧಿಯ ಮೂರು ಪರೀಕ್ಷೆ. ಒಂದೇ ಬಣ್ಣದಲ್ಲಿ ಅಚ್ಚಾಗುತ್ತಾ? ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾದರೂ ಗುರುತು ಸಿಗುತ್ತಾ? ರಬ್ಬರ್ ಸ್ಟ್ಯಾಂಪಲ್ಲಿ ಶಾಯಿ ಹರಡಿಕೊಳ್ಳದೆ ಮೂಡುತ್ತಾ? ತಾಮ್ರಶಾಸನದ ಮುದ್ರೆ ಮಾಡಿದವನ ಕೈಯಲ್ಲೂ ಇದ್ದಿದ್ದು ಅಂಗೈಗಿಂತ ಚಿಕ್ಕ ಜಾಗ, ಒಂದೇ ಲೋಹ. ಆದರೂ ಆನೆ ಆನೆಯಾಗೇ ಕಾಣುತ್ತೆ. ನಿಮ್ಮೂರಿನ ಬಳಗಕ್ಕೆ ಲಾಂಛನ ಮಾಡೋವಾಗ ಮೊದಲು ಅಲ್ಲಿನ ಕಲ್ಲುಗಳ ನೆತ್ತಿಯನ್ನೊಮ್ಮೆ ನೋಡಿ, ಆಮೇಲೆ ಕಂಪ್ಯೂಟರ್ ಮುಂದೆ ಕೂತ್ಕೊಳ್ಳಿ.